ಕಾಣದ ಇರುವೆಗಳ ಕಾಟ

ಮೈಯಲ್ಲಿ ಏನೋ ಆಗುತ್ತಿದೆ ಎಂದು ಹೆಂಗಸೊಬ್ಬಳು ಬಾಯಿಬಿಟ್ಟರೆ ಸಾಕು, ರೋಗ ಇದ್ದಲ್ಲೇ ಇರುತ್ತದೆ, ನಗೆಪಾಟಲು ಮಾತ್ರ ಊರೂರು ತಿರುಗುತ್ತದೆ. ನನ್ನದು ಚಿತ್ತಾಪುರದಿಂದ ಹೊರಟು ಸೇಡಂ, ವಾಡಿ ಎಲ್ಲ ನೋಡಿಕೊಂಡು ಕೊನೆಗೆ ನಮ್ಮ ಅಂಗಳಕ್ಕೇ ವಾಪಸ್ ಬಂತು.

ನನಗೆ ಆಗುವುದು ಇಷ್ಟೇ. ಎರಡನೆಯ ಮಗು ಹುಟ್ಟಿದ ಮೇಲಿಂದ ಅಂಗಾಲು, ಅಂಗೈ ಜುಂ ಅನ್ನುತ್ತವೆ. ಒಮ್ಮೊಮ್ಮೆ ಮೊಣಕಾಲ ತನಕ ಇರುವೆ ಸಾಲುಗಟ್ಟಿ ಹತ್ತಿದಂತೆ, ಒಮ್ಮೊಮ್ಮೆ ಸೂಜಿ ಚುಚ್ಚಿದಂತೆ. ನೋಡಿದರೆ ಇರುವೆಯೂ ಇಲ್ಲ, ಸೂಜಿಯೂ ಇಲ್ಲ. ಅದು ಬಂದಾಗ ಮಗುವನ್ನು ಎತ್ತಲು ನನಗೆ ಹೆದರಿಕೆ. ಆಗ ಎತ್ತಿಕೊಳ್ಳುವವಳು ಎದುರು ಮನೆಯ ಆಯಿ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಮುದುಕಿ. ನಮ್ಮ ಅತ್ತೆಗೂ ಆಕೆಗೂ ನಳದ ಹತ್ತಿರ ಕೊಡ ಇಡುವ ವಿಷಯದಲ್ಲಿ ಹಳೆಯ ಜಗಳ. ಹಾಗಾಗಿ ಅತ್ತೆ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು: "ಇದು ಆಕಿ ಮಾಡಿಸಿದ್ದೇ. ಭಾನಾಮತಿ."

ನಮ್ಮ ಕಡೆ ಈ ಮಾತು ಹಗುರದ್ದಲ್ಲ. ಮಾಟ ಮಾಡಿಸಿದಳೆಂದು ಒಮ್ಮೆ ಹೆಸರು ಬಿದ್ದರೆ ಆ ಹೆಂಗಸಿಗೆ ಓಣಿಯಲ್ಲಿ ಒಂದು ತಂಬಿಗೆ ನೀರು ಹುಟ್ಟುವುದಿಲ್ಲ. ಹೊಡೆಯುವವರೂ ಉಂಟು. ಇರುವೆ ನನ್ನ ಕಾಲಿಗೆ, ಏಟು ಆಯಿಯ ಬೆನ್ನಿಗೆ ಅಂದರೆ ಯಾವ ನ್ಯಾಯ?

"ಮೊದಲ ಡಾಕ್ಟ್ರಿಗಿ ತೋರಸೋಣ್ರಿ ಅತ್ತಿ" ಅಂದೆ.

"ತೋರಸು. ಅಲ್ಲಿ ಏನೂ ಸಿಗಲಿಲ್ಲ ಅಂದ್ರ ನಾ ಹೇಳಿದ್ದೇ ಖರೆ" ಅಂದರು.

ಸೇಡಂ ಡಾಕ್ಟರ ಪಿನ್ನು

ಡಾಕ್ಟರು ರಕ್ತ ನೋಡಿದರು, ಸಕ್ಕರೆ ನೋಡಿದರು, ನಾಲಿಗೆ ನೋಡಿದರು. ಎಲ್ಲ ಸರಿ ಇತ್ತು. ಕೊನೆಗೆ ನನ್ನನ್ನು ಮಂಚದ ಮೇಲೆ ಮಲಗಿಸಿ, "ಕಣ್ಣು ಮುಚ್ಕೋರಿ. ನಾ ಕಾಲಿಗಿ ಪಿನ್ನು ತಾಗಸ್ತೀನಿ. ಗೊತ್ತಾದ ಕೂಡ್ಲೆ ಹೇಳ್ರಿ" ಅಂದರು.

ಕಣ್ಣು ಮುಚ್ಚಿದೆ.

"ಹಾಂ, ಹೆಬ್ಬಟ್ಟಿಗಿ ಚುಚ್ಚಿದ್ರಿ."

ಡ್ರಾಯರ್ ಎಳೆದ ಸದ್ದು ಕೇಳಿತು.

"ಈಗ ಹಿಮ್ಮಡಿಗಿ. ಸ್ವಲ್ಪ ಮೆಲ್ಲಗ ಚುಚ್ರಿ ಡಾಕ್ಟ್ರೇ."

ಅವರು ಕೆಮ್ಮಿದರು. "ನಾ ಇನ್ನೂ ಪಿನ್ನು ಹುಡುಕ್ಲಿಕತ್ತೀನಿ ಅಮ್ಮ."

ಹಿಂದೆ ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆ ಎದ್ದು ನಿಂತರು. "ನೋಡ್ರಿ ಮತ್ತ! ಚಿತ್ತಾಪುರದಾಗ ಕುಂತು ಚುಚ್ಚಲಿಕತ್ತಾಳ ಆಕಿ!"

ಡಾಕ್ಟರು ಒಮ್ಮೆ ಅತ್ತೆಯ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಹಂಗೇನಿಲ್ರಿ. ಎಲ್ಲಾ ನಾರ್ಮಲ್ ಅದ. ಕಾರಣ ಗೊತ್ತಾಗದ ಇಂಥವು ಇರ್ತಾವ. ಟೆನ್ಷನ್ ಒಂದು ಮಾಡ್ಕೋಬ್ಯಾಡ್ರಿ."

"ನಾ ಮಾಡ್ಕೊಂಡಿಲ್ರಿ ಡಾಕ್ಟ್ರೇ, ನನ್ನ ಜೋಡಿ ಕರ್ಕೊಂಡು ಬಂದೀನಿ" ಅಂದೆ, ಅತ್ತೆಯ ಕಡೆ ಕಣ್ಣು ಹಾಯಿಸಿ.

ವಾಡಿಯ ಗೂಡ್ಸ್ ಗಾಡಿ

ಅತ್ತೆ ತಮ್ಮದೇ ಒಂದು ಪರೀಕ್ಷೆ ಕಟ್ಟಿದರು. "ತವರಮನಿಗಿ ಹೋಗಿರು. ಆಕಿ ಕಣ್ಣ ಮುಂದಿಂದ ಸರದ ಮ್ಯಾಲ ಜುಂ ನಿಂತಿತು ಅಂದ್ರ ಆಕಿದೇ ಕೆಲಸ."

ನಿಲ್ಲದಿರಲಿ ದೇವರೇ ಎಂದು ಬೇಡಿಕೊಂಡು ಹೋದೆ. ತನ್ನ ರೋಗ ಹೋಗದಿರಲಿ ಎಂದು ಹರಕೆ ಹೊತ್ತವಳು ವಾಡಿಯಲ್ಲಿ ನಾನೊಬ್ಬಳೇ ಇರಬೇಕು.

ನನ್ನ ತವರುಮನೆ ರೈಲು ಹಳಿಯ ಪಕ್ಕದಲ್ಲಿದೆ. ಸಿಮೆಂಟಿನ ಗೂಡ್ಸ್ ಗಾಡಿ ಹೊರಟರೆ ನೆಲ ನಡುಗುತ್ತದೆ, ಗೋಡೆಯ ಗೂಡಿನ ಡಬ್ಬಿಗಳು ಮಾತಾಡುತ್ತವೆ. ಸಂಜೆ ಬಾಗಿಲಲ್ಲಿ ಕುಳಿತಿದ್ದಾಗ ಅಂಗಾಲು ಜುಂ ಅಂದಿತು.

"ಯವ್ವಾ, ಶುರು ಆಯ್ತು ನೋಡು."

"ಅದು ಗೂಡ್ಸ್ ಗಾಡಿ ಹೊಂಟದ" ಅಂದಳು ನಮ್ಮವ್ವ.

"ಅದು ಹೋಗಿ ಭಾಳ ಹೊತ್ತಾಯ್ತು."

"ಹಂಗಾದ್ರ ಇನ್ನೊಂದು ಬರ್ಲಿಕತ್ತದ."

ಖರೇನೇ ಬಂತು. ಮರುದಿನವೂ ಕಾಲು ಜುಂ ಅಂದಿತು, ಗಾಡಿ ಬಂತು. ವಾಡಿಯಲ್ಲಿ ಗಾಡಿಗೇನು ಬರ, ಎಷ್ಟು ಹೊತ್ತಿಗಾದರೂ ಒಂದು ಬಂದೇ ಬರುತ್ತದೆ. ಆದರೆ ಅಪ್ಪ ಇದನ್ನು ನಂಬಿಬಿಟ್ಟ. ಸ್ಟೇಷನ್ನಿಗೆ ಹೋಗುವ ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನನ್ನನ್ನು ಕೇಳಿಯೇ ಹೊರಡುತ್ತಿದ್ದ: "ಏನವ್ವ, ಕಾಲು ಏನಂತಾವ?"

ಅತ್ತೆ ಫೋನು ಮಾಡಿದರು. "ನಿಂತದೇನು?"

ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ನಿಲ್ಲೋದು ಬ್ಯಾಡ್ರಿ ಬೀಗತಿ. ಸ್ಟೇಷನ್ ಬೋರ್ಡಿಗಿಂತ ನಿಮ್ಮ ಸೊಸಿ ಕಾಲೇ ಛಲೋ ಹೇಳ್ತಾವ. ಇನ್ನೂ ನಾಕು ದಿನ ಇಟ್ಕೋತೀವಿ."

ಶಹಾಬಾದ್ ಕಲ್ಲು

ನಮ್ಮ ಮನೆಯವರಿಗೂ ಕೈ ಜುಂ ಅನ್ನುತ್ತದೆ. ಅವರು ಶಹಾಬಾದಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ ಮಾಡುತ್ತಾರೆ. ದಿನವಿಡೀ ಗಡಗಡ ಅನ್ನುವ ಮಷೀನು ಹಿಡಿದು ಮನೆಗೆ ಬಂದರೆ ಚಹಾದ ಕಪ್ಪು ಕೂಡ ಕೈಯಲ್ಲಿ ಕುಣಿಯುತ್ತದೆ. ಆಗ ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. "ದುಡದು ಬಂದಾನ ನನ್ನ ಮಗ."

ಒಂದು ದಿನ ನಾನೂ ಪಕ್ಕದಲ್ಲಿ ಕುಳಿತು ಕೈ ಚಾಚಿದೆ. "ರೊಟ್ಟಿ ಬಡದು ಬಡದು ನನಗೂ ಜುಂ ಅನ್ಲಿಕತ್ತದ. ಉಳಿದ ಎಣ್ಣಿ ಹಚ್ಚರಿ."

"ನಿಂದು ಎಣ್ಣಿಗಿ ಹೋಗೋದಲ್ಲ. ವಾಡಿ ತನಕ ಬೆನ್ನು ಹತ್ತಿ ಬಂದದ ಅಂದ್ರ ಅದು ಆಕಿ ಮಾಡಿಸಿದ್ದೇ."

"ಹಂಗಾದ್ರ ನಿಮ್ಮ ಮಗನ ಕೈಗಿ ಯಾರು ಮಾಡಿಸ್ಯಾರ್ರಿ?"

ಅತ್ತೆ ಎಣ್ಣೆ ಬಟ್ಟಲನ್ನು ಮಗನ ಕಡೆಗೆ ಸರಿಸಿಕೊಂಡರು. ಗಂಡಸಿಗೆ ಬಂದರೆ ದುಡಿಮೆ, ಹೆಂಗಸಿಗೆ ಬಂದರೆ ಮಾಟ. ಕೈ ಎರಡೂ ಒಂದೇ ಮನೆಯವು, ಎಣ್ಣೆ ಮಾತ್ರ ಒಂದೇ ಕೈಗೆ.

ಕಾಳಗಿಯವನ ತೆಂಗಿನಕಾಯಿ

ಕೊನೆಗೆ ಅತ್ತೆ ನನಗೆ ಹೇಳದೆ ಕಾಳಗಿ ಕಡೆಯಿಂದ ಒಬ್ಬನನ್ನು ಕರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು, ಕಾಯಿ ಉರುಳಿದ ಕಡೆ ಬೋರು ಹಾಕಿರಿ ಎನ್ನುವವನು. ಮಾಟ ಮಾಡಿದವರ ಮನೆಯನ್ನೂ ಅದೇ ಕಾಯಿ ತೋರಿಸುತ್ತದಂತೆ.

ಓಣಿಯೆಲ್ಲ ನಮ್ಮ ಅಂಗಳದಲ್ಲಿ ಸೇರಿತು. ಆಯಿ ನನ್ನ ಮಗುವನ್ನು ಎತ್ತಿಕೊಂಡು ತನ್ನ ಬಾಗಿಲಲ್ಲಿ ನಿಂತಿದ್ದಳು. ಯಾರೂ ಆಕೆಯ ಹೆಸರು ಹೇಳಲಿಲ್ಲ, ಆದರೆ ಎಲ್ಲರೂ ಆ ಬಾಗಿಲನ್ನೇ ನೋಡುತ್ತಿದ್ದರು. ಆಯಿ ಮಗುವನ್ನು ಎದೆಗೆ ಒತ್ತಿಕೊಂಡಳು. ನಾನು ಅಂಗಳ ದಾಟಿ ಹೋಗಿ ಆಕೆಯ ಮಗ್ಗುಲಲ್ಲಿ ನಿಂತೆ. ಕಾಯಿ ಬರುವುದಾದರೆ ನನ್ನ ಕಾಲಿಗೇ ಬಡಿಯಲಿ, ಹೇಗೂ ಕಾಲು ಜುಂ ಅಂದಿತ್ತು, ನೋವೇನೂ ತಿಳಿಯುವಂತಿರಲಿಲ್ಲ.

ಅವನು ಕಲ್ಲಿನ ಮೇಲೆ ಪದ್ಮಾಸನ ಹಾಕಿ ಕುಳಿತು ಮಂತ್ರ ಶುರು ಮಾಡಿದ. ಮಂತ್ರ ಮುಗಿಯಲಿಲ್ಲ. ಅತ್ತೆ ಕೈಮುಗಿದು ನಿಂತೇ ಇದ್ದರು. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಕೊನೆಗೆ ಅವನು ಕಣ್ಣು ಬಿಟ್ಟ.

"ಈಗ ನೋಡ್ರಿ. ನಾ ಎದ್ದು ನಡೀತೀನಿ. ಕಾಯಿ ಎಲ್ಲಿ ಹೋಗಿ ನಿಲ್ತದ, ಅಲ್ಲಿದ್ದವರೇ ಮಾಡಿಸಿದವರು. ಮನಷ್ಯಾ ಸುಳ್ಳು ಹೇಳ್ತಾನ, ಕಾಯಿ ಹೇಳಂಗಿಲ್ಲ."

"ಕಾಯಿ ಹೇಳಂಗಿಲ್ಲ" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಅಂದರು.

ಅವನು ಕಾಯಿಯನ್ನು ಅಂಗೈ ಮೇಲಿಟ್ಟು, ಆಯಿಯ ಮನೆಯ ಕಡೆ ಮುಖ ಮಾಡಿ ಎದ್ದ. ಅಷ್ಟು ಹೊತ್ತು ಮಡಚಿದ ಕಾಲು ಏಳಲು ಒಪ್ಪಲಿಲ್ಲ. ಒಂದು ಹೆಜ್ಜೆ ಇಟ್ಟ, ಎರಡನೆಯದಕ್ಕೆ ಕಾಲು ಅಲ್ಲಿ ಇರಲೇ ಇಲ್ಲ. "ಅಯ್ಯಯ್ಯೋ ಕಾಲು! ಜುಂ ಹಿಡದದ!" ಎಂದು ಒಂಟಿಗಾಲಲ್ಲಿ ಕುಂಟುತ್ತ ಗಿರಕಿ ಹೊಡೆದು ಧೊಪ್ಪೆಂದು ಬಿದ್ದ. ಕಾಯಿ ಹಾರಿ, ಕಲ್ಲಿಗೆ ಬಡಿದು ಪುಟಿದು, ಉರುಳುತ್ತ ಉರುಳುತ್ತ ಹೋಗಿ ನಮ್ಮ ಅತ್ತೆಯ ಪಾದಕ್ಕೆ ತಾಗಿ ನಿಂತಿತು.

ಆಯಿಯ ಬಾಗಿಲನ್ನು ನೋಡುತ್ತಿದ್ದ ಕಣ್ಣುಗಳೆಲ್ಲ ಅತ್ತೆಯ ಕಾಲಿಗೆ ತಿರುಗಿದವು.

ಹಿಂದಿನಿಂದ ಯಾವುದೋ ಹೆಂಗಸು ಅಂದಳು: "ಕಾಯಿ ಸುಳ್ಳು ಹೇಳಂಗಿಲ್ಲಲ್ಲ?"

ಬಿದ್ದವನು ಮೀನಖಂಡ ತಿಕ್ಕಿಕೊಳ್ಳುತ್ತ ಅತ್ತೆಯನ್ನು ನೋಡಿದ. "ಕಾಯಿ ಅಂತೂ... ನಿಮ್ಮ ಕಾಲ ಹಂತ್ಯಾಕೇ ನಿಂತದರಿ, ಅಮ್ಮ."

ಅಷ್ಟು ಹೊತ್ತು ಅವನನ್ನು ಬಹುವಚನದಲ್ಲಿ ಪೂಜಿಸಿದ ಅತ್ತೆ ಒಮ್ಮೆಗೇ ಏಕವಚನಕ್ಕೆ ಇಳಿದರು. "ಬೆಂಕಿ ಹತ್ಲಿ ನಿನ್ನ ಕಾಯಿಗಿ! ಕುಂತು ಕುಂತು ಕಾಲು ಜುಂ ಹಿಡದು ಬಿದ್ದಿ, ಕಾಯಿ ಏನು ಮಾಡ್ತದ? ಮನಷ್ಯಾನ ಕಾಲು ಅಂದ ಮ್ಯಾಲ ಜುಂ ಹಿಡೀತದ! ಅದಕ್ಕೂ ಯಾರರೆ ಮಾಡಿಸ್ತಾರೇನೋ, ಹುಚ್ಚ?"

ನಾನು ಆಯಿಯ ಬಾಗಿಲಿನಿಂದಲೇ ಕೂಗಿ ಹೇಳಿದೆ:

"ಅತ್ತಿ, ಇನ್ನೊಮ್ಮಿ ಜೋರಾಗಿ ಹೇಳ್ರಿ, ಆಯಿಗಿ ಕೇಳ್ಸಿಲ್ಲಂತ!"