ಬೋಲ್ಟ್ ಮೇಡಂಗೆ ಸಿಕ್ಕ ಮಾರ್ಗದರ್ಶಕಿ

ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಹದಿನೇಳು ಗಂಡಸರ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿದ್ದ ಏಕೈಕ ಹೆಂಗಸಿಗೆ ಎಲ್ಲರೂ ಬೋಲ್ಟ್ ಮೇಡಂ ಅಂತಲೇ ಹೆಸರಿಟ್ಟಿದ್ದರು. ತಿಂಗಳ ಕೊನೆಗೆ ಅವಳ ಪಿಎಚ್‌ಡಿ ಪ್ರಬಂಧದ ಗಡುವು. ಅದಕ್ಕಾಗಿ ಹನ್ನೆರಡು ಉಕ್ಕಿನ ಸರಳುಗಳನ್ನು ಎಳೆದು ಮುರಿದು ಅವುಗಳ ಬಲ ಅಳೆಯಲು ಲ್ಯಾಬಿನ ದೊಡ್ಡ ಯಂತ್ರ ಒಂದೇ ಒಂದು ದಿನ ಸಿಕ್ಕಿದ್ದರೆ ಸಾಕಿತ್ತು. ಆ ಯಂತ್ರವೋ, ಹಿರಿಯರ ಬೆಂಬಲವಿದ್ದವರಿಗೆ ಮಾತ್ರ ಒಲಿಯುತ್ತಿತ್ತು. ನಾಲ್ಕು ತಿಂಗಳಿಂದ ಅವಳದು ಬರೀ ಕಾಯುವ ಕೆಲಸ.

ಅಂದು ಬೆಳಿಗ್ಗೆ ಕಾಲೇಜಿನ ಮಹಿಳಾ ಘಟಕದಿಂದ ಚೀಟಿ ಬಂತು: "ನಿಮ್ಮ ಪರವಾಗಿ ನಿಲ್ಲಲು ಮಾರ್ಗದರ್ಶಕಿಯನ್ನು ನೇಮಿಸಲಾಗಿದೆ." ಯಾರನ್ನು ಅಂತ ಮಾತ್ರ ಬರೆದಿರಲಿಲ್ಲ. ಆದರೂ ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಕೆಮಿಸ್ಟ್ರಿ ಮೇಡಮ್ಮೇ ಇರ್ಬೇಕು, ಓಡಿ!" ಎಂದರು ಲ್ಯಾಬಿನ ಮುದಿ ಮೆಕ್ಯಾನಿಕ್.

ಓಡಿದಳು. "ಅಯ್ಯೋ ತಾಯಿ, ನಂಗಾಗ್ಲೇ ಇಪ್ಪತ್ಮೂರು ಜನ ಶಿಷ್ಯೆಯರು ಇದಾರೆ. ಇನ್ನೊಬ್ರು ಬಂದ್ರೆ ನಾನೇ ಊರು ಬಿಡ್ತೀನಿ," ಎಂದು ಕೆಮಿಸ್ಟ್ರಿ ಮೇಡಂ ಬಾಗಿಲು ಹಾಕಿಕೊಂಡರು.

"ಛೆ, ಗಣಿತದ ಮೇಡಂ ಕಣ್ರೀ," ಎಂದು ಲೈಬ್ರರಿಯವರು ಮೂರನೇ ಮಹಡಿ ಹತ್ತಿಸಿದರು. ಅಲ್ಲಿ ಕುರ್ಚಿ ಖಾಲಿ. "ನಾನು ರಜೆಯಲ್ಲಿದೀನಿ," ಎಂಬ ಧ್ವನಿ ಮೇಜಿನ ಕೆಳಗಿನಿಂದ ಬಂತು.

ಮಧ್ಯಾಹ್ನ ಏದುಸಿರು ಬಿಡುತ್ತಾ ಘಟಕದ ಗುಮಾಸ್ತೆಯ ಮುಂದೆ ನಿಂತಳು. ಗುಮಾಸ್ತೆ ರಿಜಿಸ್ಟರ್ ತೆಗೆದು, "ಬೋಲ್ಟ್ ಮೇಡಂ," ಎಂದಳು.

"ಅದು ನಾನು! ನನ್ನ ಮಾರ್ಗದರ್ಶಕಿ ಯಾರು?"

"ಅದೇ ಹೇಳ್ದೆ. ಮಾರ್ಗದರ್ಶಕಿ ಶಿಷ್ಯೆಯ ವಿಭಾಗದ ಹೆಂಗಸೇ ಆಗ್ಬೇಕು ಅಂತ ನಿಯಮ. ಅಲ್ಲಿರೋದು ನೀವೊಬ್ರೇ. ಇಬ್ರೂ ಹೊಂದ್ಕೊಂಡು ಹೋಗಿ."

ಅವಳಿಗೆ ಅಳು ಬಂತು, ಹಿಂದೆಯೇ ನಗುವೂ ಬಂತು. ಆಮೇಲೆ ಎಲ್ಲಿಲ್ಲದ ಧೈರ್ಯ ಬಂತು. ನೇರ ವಿಭಾಗದ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

"ಸರ್, ಮಾರ್ಗದರ್ಶಕಿಯಾಗಿ ಬಂದಿದೀನಿ. ನನ್ನ ಶಿಷ್ಯೆಗೆ ನಾಲ್ಕು ತಿಂಗಳಿಂದ ಯಂತ್ರ ಕೊಟ್ಟಿಲ್ಲ. ಅವಳು ಬಾಯಿ ಸತ್ತೋಳು, ಸುಮ್ನಿದಾಳೆ. ನಾನು ಸುಮ್ನಿರೋಳಲ್ಲ!"

ಮುಖ್ಯಸ್ಥರು ಕಡತದಿಂದ ತಲೆ ಎತ್ತದೆಯೇ ಬೆಚ್ಚಿದರು. "ಛೆ ಛೆ, ಪಾಪದ ಹುಡುಗಿ! ಈ ತಿಂಗಳು ಬರೋ ಬುಧವಾರ ಒಂದೇ ಖಾಲಿ. ತಗೊಳ್ಳಿ, ಇಡೀ ದಿನ ಅವಳದೇ," ಎಂದು ಸಹಿ ಹಾಕಿದರು.

ಅವಳು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಗುಮಾಸ್ತೆ ಸುತ್ತೋಲೆ ಹಿಡಿದು ಓಡಿ ಬಂದಳು: "ಬುಧವಾರ ಎಲ್ಲ ಮಾರ್ಗದರ್ಶಕಿಯರಿಗೂ ದಿನಪೂರ್ತಿ ಕಡ್ಡಾಯ ತರಬೇತಿ. ತಪ್ಪಿಸಿಕೊಂಡವರ ಶಿಷ್ಯೆಯರಿಗೆ ಪ್ರಯೋಗಾಲಯ ಬಂದ್."

ಬೋಲ್ಟ್ ಮೇಡಂ ಮುಖ ಇಳಿದುಹೋಯಿತು. ಮುಖ್ಯಸ್ಥರು ಕರಗಿ, ಈಗಲೂ ಕಡತದಿಂದ ತಲೆ ಎತ್ತದೆಯೇ ಸಮಾಧಾನ ಹೇಳಿದರು:

"ಯಾಕ್ರೀ ಚಿಂತೆ? ನೀವು ಆರಾಮಾಗಿ ತರಬೇತಿಗೆ ಹೋಗಿ. ಯಂತ್ರ ಹೇಗೂ ಆ ಹುಡುಗಿ ನೋಡ್ಕೋತಾಳಲ್ಲ!"