ಲೀಲಕ್ಕನ ಭಾನುವಾರ

ಕೆಲವರಿಗೆ ಸಿಗಡಿ ಆಗುವುದಿಲ್ಲ, ತಿಂದರೆ ಮೈಯೆಲ್ಲ ತುರಿಕೆ. ಕೆಲವರಿಗೆ ಬದನೆ ಆಗುವುದಿಲ್ಲ. ನನಗೆ ಕರುಣೆ ಆಗುವುದಿಲ್ಲ. ಹಾಗೆಂದು ನನ್ನದು ಕಲ್ಲುಮನಸ್ಸು ಎಂದು ತಿಳಿಯಬೇಡಿ. ಕರುಣೆ ನನಗೆ ಬೇಗ ಬರುತ್ತದೆ, ಬಂದರೆ ಬೇಗ ಇಳಿಯುವುದಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು, ತಕ್ಷಣ ಯಾರಿಗಾದರೂ ಉಪಕಾರ ಮಾಡಿಯೇ ತೀರಬೇಕೆಂಬ ಚಡಪಡಿಕೆ. ಆ ಹೊತ್ತಿಗೆ ಕೈಗೆ ಸಿಕ್ಕಿದವರ ಪಾಡು ದೇವರಿಗೇ ಪ್ರೀತಿ. ಒಮ್ಮೆ ಬೀದಿನಾಯಿಗಳ ಮೇಲೆ ಕರುಣೆ ಬಂದು ದಿನಾ ಅನ್ನ ಹಾಕಿ, ನಮ್ಮ ಫ್ಲಾಟಿನ ಅರ್ಧ ಜನ ಮೆಟ್ಟಿಲಿಳಿಯಲು ಹೆದರುವ ಹಾಗೆ ಮಾಡಿದ್ದೆ.

ಈ ಸಲ ಕರುಣೆ ಬಂದದ್ದು ಒಂದು ಸಿನಿಮಾದಿಂದ. ಶನಿವಾರ ಸಂಜೆ ಹಂಪನಕಟ್ಟೆಯ ಒಂದು ಸಭಾಂಗಣದಲ್ಲಿ ಪುಕ್ಕಟೆ ತೋರಿಸಿದ, ಯುರೋಪಿನ ಕಡೆಯ ಸಿನಿಮಾ. ಭಾಷೆ ಯಾವುದೆಂದು ಕೇಳಬೇಡಿ. ಅಡಿಯಲ್ಲಿ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಅಕ್ಷರ ಓದಿದರೆ ಚಿತ್ರ ತಪ್ಪುತ್ತದೆ, ಚಿತ್ರ ನೋಡಿದರೆ ಕಥೆ ತಪ್ಪುತ್ತದೆ. ಆದರೂ ಇಷ್ಟು ತಿಳಿಯಿತು. ಮೂರು ಮಾಳಿಗೆಯ ಮನೆಯ ಒಬ್ಬ ಧಣಿ, ಅವನಿಗೆ ಎಷ್ಟಿದ್ದರೂ ಸಾಲದು. ಕೋಳಿ ಬೆಂದ ಮೇಲೆ ಅಡುಗೆಮನೆಗೆ ಬಂದು ತುಂಡು ಎಣಿಸುತ್ತಾನೆ. ಅಡುಗೆಯವಳು ಒಲೆಯ ಪಕ್ಕದಲ್ಲಿ ನಿಂತೇ ಒಣ ಬ್ರೆಡ್ ತಿನ್ನುತ್ತಾಳೆ. ಇಡೀ ಸಿನಿಮಾದಲ್ಲಿ ಅವಳು ಒಂದು ಸಲವೂ ಕೂರುವುದಿಲ್ಲ. ಕೊನೆಗೆ ಅವಳ ಬಾತುಹೋದ ಕಾಲನ್ನು ತೋರಿಸಿದಾಗ ನನ್ನ ಕನ್ನಡಕ ಮಂಜಾಗಿ ಅಕ್ಷರವೂ ಹೋಯಿತು, ಚಿತ್ರವೂ ಹೋಯಿತು. ಆಮೇಲೆ ನಡೆದ ಚರ್ಚೆಯಲ್ಲಿ ನಾನು ಎದ್ದು ನಿಂತು ಧಣಿಗಳ ದುರಾಸೆಯ ಮೇಲೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು. ಕರುಣೆಗೆ ಚಪ್ಪಾಳೆಯೂ ಸೇರಿದರೆ ನಾನು ಯಾರ ಮಾತೂ ಕೇಳುವವನಲ್ಲ.

ಮರುದಿನ ಭಾನುವಾರ, ನಮ್ಮಲ್ಲಿ ಮೀನಿನ ದಿನ. ನಮ್ಮ ಮನೆ ನಂತೂರಿನ ಹತ್ತಿರ. ಕೆಲಸಕ್ಕೆ ಬರುವ ಲೀಲಕ್ಕನದು ಬಸ್ಸಿನಲ್ಲಿ ಹೋಗಬೇಕಾದ ವಾಮಂಜೂರು. ವಾರವಿಡೀ ಗುಡಿಸಿ ಒರೆಸಿ ಹತ್ತು ಗಂಟೆಗೆಲ್ಲ ಹೊರಡುವ ಅವರು ಭಾನುವಾರ ಮಾತ್ರ ಊಟದ ಹೊತ್ತಿನ ತನಕ ಇರುತ್ತಾರೆ, ಮೀನಿಗಾಗಿ. ಮಾರ್ಕೆಟಿನಲ್ಲೇ ಕ್ಲೀನ್ ಮಾಡಿಸಿ ತಂದರೆ ಬಂಗುಡೆಯ ರುಚಿ ನೀರುಪಾಲು ಎಂಬುದು ನನ್ನ ಸಿದ್ಧಾಂತ. ಸಿದ್ಧಾಂತ ನನ್ನದು, ಕತ್ತಿ ಲೀಲಕ್ಕನದು. ಎಂಟು ವರ್ಷದಿಂದ ಹೀಗೇ ನಡೆದಿದೆ. ದೊಡ್ಡ ಬಂಗುಡೆ ನಮಗೆ, ಸಣ್ಣದೂ ಕಾವಲಿಯಲ್ಲಿ ಮುರಿದದ್ದೂ ಲೀಲಕ್ಕನಿಗೆ. ಅವರು ಸಿಂಕಿನ ಪಕ್ಕ ನಿಂತು ಎರಡು ತುತ್ತು ತಿಂದು ಹೊರಡುವುದನ್ನು ನಾನು ನೂರಾರು ಸಲ ನೋಡಿದ್ದೇನೆ, ಆದರೆ ಕಂಡದ್ದು ಆ ದಿನವೇ.

"ಲೀಲಕ್ಕ, ಇವತ್ತು ನೀವು ನಮ್ಮೊಟ್ಟಿಗೆ ಮೇಜಿನಲ್ಲಿ ಕೂತು ಊಟ ಮಾಡಬೇಕು" ಎಂದೆ.

"ಬೇಡ ಅಣ್ಣೇರೆ, ನಾನು ಇಲ್ಲೇ ತಿಂದು ಹೊರಡ್ತೇನೆ."

"ಅವರಿಗೆ ಬಸ್ಸಿಗೆ ಹೊತ್ತಾಗ್ತದೆ ಮಾರಾಯ್ರೆ" ಎಂದಳು ನನ್ನ ಹೆಂಡತಿ ಸುಮತಿ.

"ಬಸ್ಸು ಇನ್ನೊಂದು ಬರ್ತದೆ. ಸಮಾನತೆ ದಿನಾ ಬರುವುದಿಲ್ಲ" ಎಂದೆ. ಹಿಂದಿನ ದಿನ ಚರ್ಚೆಯಲ್ಲಿ ಈ ಮಾತು ಹೊಳೆಯಲಿಲ್ಲವಲ್ಲ ಎಂದು ಬೇಸರವೂ ಆಯಿತು.

ಲೀಲಕ್ಕ ಕುರ್ಚಿಯ ತುದಿಯಲ್ಲಿ ಕೂತರು. ಮೊಟ್ಟೆ ತುಂಬಿದ ದೊಡ್ಡ ಬಂಗುಡೆಯನ್ನು ನಾನೇ ಅವರ ಬಟ್ಟಲಿಗೆ ಹಾಕಿದೆ. ಹಾಕುವಾಗ ಕೈ ಸ್ವಲ್ಪ ತಡವರಿಸಿತು, ಅದು ಬೇರೆ ಮಾತು. ಆಮೇಲೆ ಸಿನಿಮಾದ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಅವರು ಮತ್ತೆ ಮತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದರು. ತಲೆತಲಾಂತರದ ದಬ್ಬಾಳಿಕೆ ಮನುಷ್ಯರನ್ನು ಒಂದು ಕುರ್ಚಿಯಲ್ಲೂ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲವಲ್ಲ ಎಂದು ನನಗೆ ಇನ್ನಷ್ಟು ಕರುಣೆ ಉಕ್ಕಿ, ಇನ್ನೊಂದು ಸೌಟು ಅನ್ನ ಬಡಿಸಿದೆ. ಕಥೆ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಆ ಹೆಂಗಸಿಗೆ ಭಾನುವಾರ ರಜೆ ಉಂಟಾ ಅಣ್ಣೇರೆ?"

"ಅದೆಲ್ಲ ತೋರಿಸಲಿಲ್ಲ" ಎಂದೆ.

ಆಗ ಗಂಟೆ ಎರಡೂವರೆ. ಲೀಲಕ್ಕ ಕೈ ತೊಳೆಯುತ್ತಿದ್ದಾಗ ಅವರ ಫೋನು ಬಡಿದುಕೊಂಡಿತು. "ಹೊರಟಾಯ್ತಾ? ಆಗಲಿ ಮಗಳೆ, ಜಾಗ್ರತೆ" ಎಂದು ಇಟ್ಟರು. ಸುಮತಿ ವಿಚಾರಿಸಿದಾಗ ಗೊತ್ತಾಯಿತು. ಮಗಳು ನರ್ಸಿಂಗ್ ಕಲಿಯುತ್ತಿದ್ದಾಳೆ, ಹಾಸ್ಟೆಲಿನಲ್ಲಿ. ಭಾನುವಾರ ಬೆಳಿಗ್ಗೆ ಮನೆಗೆ ಬಂದವಳು ಮಧ್ಯಾಹ್ನವೇ ಹಿಂದೆ ಹೊರಡಬೇಕು.

"ಒಂದು ಗಂಟೆಯ ಬಸ್ಸು ಸಿಕ್ಕಿದರೆ ಸ್ವಲ್ಪ ಹೊತ್ತು ಅವಳ ಮುಖ ನೋಡ್ಲಿಕ್ಕೆ ಸಿಗ್ತದೆ" ಎಂದರು ಲೀಲಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ವಾದ ಮಾಡಿ ಬಚಾವಾಗುತ್ತಿದ್ದೆ. ಇಡೀ ವಾರದಲ್ಲಿ ತಾಯಿಗೆ ಸಿಗುವ ಒಂದು ಗಂಟೆಯನ್ನು ನಾನು ಸಮಾನತೆಯ ಹೆಸರಿನಲ್ಲಿ ತಿಂದು ಕೂತಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

"ಮೇಜು ಕುರ್ಚಿ ಎಲ್ಲ ನನಗೆ ಬೇಡ ಅಣ್ಣೇರೆ. ಆಗುವುದಾದರೆ ಭಾನುವಾರ ರಜೆ ಕೊಡಿ."

"ಬರುವ ವಾರದಿಂದ ಭಾನುವಾರ ಬರುವುದೇ ಬೇಡ. ಸಂಬಳ ಇದ್ದ ಹಾಗೇ ಇರಲಿ" ಎಂದಳು ಸುಮತಿ, ನನ್ನ ಕಡೆ ನೋಡದೆ.

"ಮತ್ತೆ ಮೀನು?"

ಕೇಳಿದ್ದು ಯಾರೆಂದು ನಾನೂ ಒಂದು ಕ್ಷಣ ಹುಡುಕಿದೆ. ನಾನೇ. ಸೋಮವಾರ ರಜೆ ಆದರೆ ಆದೀತಾ ಎಂದೂ ಕೇಳಿದೆ. ಇಬ್ಬರೂ ಹೆಂಗಸರು ನನ್ನನ್ನು ಒಟ್ಟಿಗೆ ನೋಡಿದರು.

ಮುಂದಿನ ಭಾನುವಾರ ಅಭ್ಯಾಸಬಲದಿಂದ ಇಡೀ ಬಂಗುಡೆಗಳನ್ನೇ ತಂದುಬಿಟ್ಟೆ. ಸುಮತಿ ಕತ್ತಿಯನ್ನು ನನ್ನ ಮುಂದಿಟ್ಟು, "ಎಂತ ನೋಡುವುದು, ಶುರು ಮಾಡಿ" ಎಂದು ಪೇಪರು ಹಿಡಿದು ಕೂತಳು. ಎರಡನೆಯ ಮೀನಿಗೆ ಹೆಬ್ಬೆರಳು ಕುಯ್ದುಕೊಂಡೆ. ಇನ್ನೂ ಆರು ಮೀನು ಬಾಕಿ. ಒಂದೇ ಗಂಟೆಯ ಕೆಲಸ, ಹೋಗಿಬರುವ ರಿಕ್ಷಾ ನಾನೇ ಮಾಡಿಕೊಟ್ಟರೆ ಲೀಲಕ್ಕ ಇಲ್ಲವೆನ್ನಲಾರರು ಎನಿಸಿತು. ಸುಮತಿಗೆ ಕೇಳದಂತೆ ಬಾಲ್ಕನಿಗೆ ಹೋಗಿ ಫೋನು ಮಾಡಿದೆ. ಎತ್ತಿದ್ದು ಮಗಳು.

"ಅಮ್ಮ ಮಲಗಿದ್ದಾರೆ ಸರ್. ಇವತ್ತು ಅಡಿಗೆ ನಾನೇ ಮಾಡ್ತಾ ಇದ್ದೇನೆ. ಎಬ್ಬಿಸಬೇಕಾ?"

ಬೇಡ ಎಂದೆ. ಸುಳ್ಳೇಕೆ ಹೇಳಲಿ, ಆ ಒಂದು ಶಬ್ದ ನನ್ನ ಬಾಯಿಂದ ಹೊರಡುವಷ್ಟರಲ್ಲಿ ಆ ಹುಡುಗಿ ಎರಡು ಸಲ "ಹಲೋ, ಹಲೋ" ಅಂದಿದ್ದಳು.