ಹತ್ತು ದಿನದಲ್ಲಿ ಹೆದರಿಕೆ ಬಿಡಿಸಿದ್ದು

ಮನಸ್ಸಿಗೆ ಮದ್ದು ಹಾಕಲು ಹೊರಟವರು ಮೊದಲು ತಮ್ಮ ತಲೆ ಗಟ್ಟಿ ಇಟ್ಟುಕೊಳ್ಳಬೇಕು. ಚಳ್ಳಕೆರೆ ತಾಲ್ಲೂಕಿನಲ್ಲಿ ನರ್ಸ್ ಆಗಿದ್ದಷ್ಟು ದಿನ ಈ ಪಾಠ ನನಗೆ ಮತ್ತೆ ಮತ್ತೆ ಆಗುತ್ತಲೇ ಇತ್ತು.

ತೊಂಬತ್ತರ ದಶಕದ ಕೊನೆ. ಪರಶುರಾಂಪುರದ ಹತ್ತಿರ ಶೇಂಗಾ ಕೀಳಲು ಹೊರಟ ಕೂಲಿಯವರ ಟ್ರ್ಯಾಕ್ಟರ್ ಪಲ್ಟಿಯಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಗಾಯ ಒಣಗಿತು, ಹೆದರಿಕೆ ಮಾತ್ರ ಹಸಿಯಾಗೇ ಇತ್ತು. ನಿದ್ದೆಯಿಲ್ಲ, ಊಟವಿಲ್ಲ. ಅವರಿಗೆಂದೇ ಹೊರಗಿನಿಂದ ಒಬ್ಬ ಮನೋವೈದ್ಯರು ಬಂದರು. "ವಾರಕ್ಕೊಂದು ಸಲ ಮಾತಾಡಿದರೆ ವರ್ಷ ಹಿಡಿಯುತ್ತೆ. ದಿನಾ ಎರಡು ಹೊತ್ತು, ಹತ್ತೇ ದಿನ, ಬಿಗಿಯಾಗಿ ಮಾಡೋಣ" ಎಂದರು. ಊರಿನ ಶಾಲೆಯಲ್ಲಿ ಶಿಬಿರ. ಜನ ಸೇರಿಸುವ ಕರ್ಮ ನನ್ನದು.

ಒಳಗಿನ ನೋವು

ಮೊದಲ ದಿನ ಡಾಕ್ಟರು, "ಒಳಗಿರೋ ನೋವೆಲ್ಲ ಹೊರಗೆ ಹಾಕಿ" ಎಂದರು. ಒಬ್ಬ ಅಜ್ಜಿ ಚೀಲದಿಂದ ಮೊಣಕಾಲಿನ ಎಕ್ಸ್‌ರೇ ತೆಗೆದು ಅವರ ಮುಂದೆ ಹಾಕಿದಳು.

"ಇದಲ್ಲ ಅಜ್ಜಿ, ಕಣ್ಣಿಗೆ ಕಾಣದ ನೋವು."

"ಕಣ್ಣಿಗೆ ಕಾಣಲ್ಲ ಅಂತಾನೇ ಫೋಟೋ ತೆಗ್ಸೀನಿ, ನೋಡ್ರಿ!"

ಸದ್ದಿಲ್ಲದ ಜಾಗ

ಬೀಗರ ಊರಿಗೆ ಬಂದು ಅದೇ ಟ್ರ್ಯಾಕ್ಟರ್ ಹತ್ತಿ ಬಿದ್ದವನು ಮೊಳಕಾಲ್ಮೂರಿನ ಒಬ್ಬ ನೇಕಾರ. ಡಾಕ್ಟರು ಅವನ ಕಣ್ಣು ಮುಚ್ಚಿಸಿ, "ಒಂದು ಚೂರೂ ಸದ್ದಿಲ್ಲದ ಜಾಗ ನೆನೆಸಿಕೊಳ್ಳಿ" ಎಂದರು. ಅವನು ದಳದಳ ಬೆವರತೊಡಗಿದ.

"ಏನು ಕಾಣ್ತಿದೆ?"

"ನಮ್ಮನೆ, ಸಾರ್."

"ಮನೆ ನೋಡಿದ್ರೆ ಭಯ ಯಾಕಪ್ಪಾ?"

"ಮಗ್ಗದ ಸದ್ದು ನಿಂತೈತಲ್ಲ ಸಾರ್! ಹೆಂಡ್ತಿ ಬೈಯಾಕೆ ಎದ್ದು ಬರ್ತಾವ್ಳೆ ಅಂತ ಅರ್ಥ!"

ಮಾರನೇ ದಿನ ಮಗ್ಗದ ಸದ್ದನ್ನೇ ನೆನೆಸಿಕೊಳ್ಳಲು ಹೇಳಿದರು. ಐದು ನಿಮಿಷಕ್ಕೆ ಗೊರಕೆ. ಎಬ್ಬಿಸಲು ನಾವು ಮೂರು ಜನ ಬೇಕಾಯಿತು.

ಹತ್ತನೇ ದಿನ

ಕೂಲಿಯವರಲ್ಲಿ ಒಬ್ಬಾತ ಬಿದ್ದಾಗಿನಿಂದ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಬಳ್ಳಾರಿಯಲ್ಲಿದ್ದ ಮಗಳಿಗೆ ಹೆಣ್ಣು ಕೂಸು ಹುಟ್ಟಿ ಮೂರು ತಿಂಗಳಾದರೂ ಅದರ ಮುಖ ನೋಡಿರಲಿಲ್ಲ. "ಬಸ್ಸು ಅಂದ್ರೆ ಸಾಕು, ಕೈಕಾಲು ತಣ್ಣಗಾಗ್ತಾವೆ ಸಿಸ್ಟರ್" ಎಂದು ನನ್ನ ಮುಂದೆ ಅತ್ತಿದ್ದ.

ಡಾಕ್ಟರು ಅವನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಮೊದಲು ಟ್ರ್ಯಾಕ್ಟರನ್ನು ದೂರದಿಂದ ನೋಡುವುದು, ಆಮೇಲೆ ಮುಟ್ಟುವುದು, ಆಮೇಲೆ ನಿಂತ ಟ್ರೇಲರಿನಲ್ಲಿ ಕೂರುವುದು. ದಿನವೂ ಅವನು ನಡುಗುವುದು, ಇವರು ಪಕ್ಕ ಬಿಡದೆ ನಿಲ್ಲುವುದು. ಹತ್ತನೇ ದಿನ ಹೊರಟ ಟ್ರ್ಯಾಕ್ಟರಿನಲ್ಲಿ ಇಬ್ಬರೂ ಕೂತರು. ವಿಧಿಯಿಲ್ಲದೆ ನಾನೂ ಹತ್ತಿದೆ.

ಕೆರೆ ಏರಿಯ ಮೇಲೆ ಚಕ್ರ ಗುಂಡಿಗಿಳಿದು ಟ್ರೇಲರ್ ಒಂದು ಪಕ್ಕಕ್ಕೆ ವಾಲಿತು.

"ಅಯ್ಯಯ್ಯೋ, ನಿಲ್ಸೋ! ನಿಲ್ಸೋ!"

ತಿರುಗಿ ನೋಡಿದರೆ ಕೂಗಿದ್ದು ಡಾಕ್ಟರು! ಗಾಡಿ ನಿಲ್ಲುವ ಮೊದಲೇ ಹಾರಿ ಇಳಿದು, "ನೀವು ಮುಂದೆ ಹೋಗಿ, ನಾನು ನಡ್ಕೊಂಡು ಬರ್ತೀನಿ" ಎಂದರು. ನಮ್ಮವನು ಕೂತಲ್ಲೇ ಕೂತಿದ್ದ. ತನ್ನ ಕೈ ಎತ್ತಿ ನೋಡಿಕೊಂಡ. ನಡುಗುತ್ತಿರಲಿಲ್ಲ. ಮುಂದಿನ ವಾರ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಮೊಮ್ಮಗಳನ್ನು ಎತ್ತಾಡಿಸಿಯೂ ಬಂದ. ಆದರೆ ಅವತ್ತು ಏರಿಯ ಮೇಲೆ ಅವನಿಗೆ ಕಂಡದ್ದು, ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದ ಡಾಕ್ಟರು ಮಾತ್ರ. ಬಗ್ಗಿ, ತುಂಬಾ ಕರುಣೆಯಿಂದ ಹೇಳಿದ:

"ಗಾಬರಿ ಆಗ್ಬ್ಯಾಡ್ರಿ ಸಾರ್. ಹತ್ತು ದಿನ ಬರ್ರಿ, ಪಕ್ಕದಾಗೆ ನಾನಿರ್ತೀನಿ. ಇವತ್ತು ಸುಮ್ನೆ ದೂರದಿಂದ ನೋಡ್ರಿ, ಸಾಕು."